ಆರ್ಕೆಸ್ಟ್ರಾಕ್ಕೆ ಹೋಗಿ ಕೆಟ್ಟವರು

ಅಂಕೋಲೆಯಲ್ಲಿ ಬಂಡಿಹಬ್ಬದ ಆಸುಪಾಸಿನ ಒಂದು ರಾತ್ರಿ. ಬಯಲಲ್ಲಿ ಹಾಕಿದ ವೇದಿಕೆಯ ಮೇಲೆ ಆರ್ಕೆಸ್ಟ್ರಾ ನಡೆದಿತ್ತು. ನಮ್ಮ ಕರಾವಳಿಯಲ್ಲಿ ಆರ್ಕೆಸ್ಟ್ರಾ ಎಂದರೆ ಪಿಟೀಲುಗಳ ಸಾಲು, ಕೋಲು ಹಿಡಿದ ನಿರ್ದೇಶಕ ಅಲ್ಲ. ಮೂರು ನಾಲ್ಕು ಜನ ಗಾಯಕರು, ಒಂದೆರಡು ಕೀಬೋರ್ಡು, ಗಿಟಾರು, ಡ್ರಮ್ಮು, ಬದಿಯಲ್ಲಿ ತಬಲಾ ಢೋಲಕ್, ನಡುನಡುವೆ ಜೋಕು ಹೇಳುವ ನಿರೂಪಕ. ಕನ್ನಡ, ಹಿಂದಿ, ಕೊಂಕಣಿ, ಮರಾಠಿ ಸಿನಿಮಾ ಹಾಡುಗಳು. ಜಾತ್ರೆ, ಮದುವೆ, ಗಣೇಶೋತ್ಸವ, ಕ್ರಿಕೆಟ್ ಪಂದ್ಯದ ಬಹುಮಾನ ವಿತರಣೆ, ಎಲ್ಲದಕ್ಕೂ ಅದು ಬೇಕು. ಅಂದು ಭೈರವಿಯ ನೆರಳಿದ್ದ ಹಳೆಯದೊಂದು ಹಾಡು ನಡೆದಾಗ, ಎರಡು ಚರಣಗಳ ನಡುವಿನ ಸಣ್ಣ ಜಾಗದಲ್ಲಿ ತಬಲಾದವರು ಒಂದು ಲಗ್ಗಿ ನುಡಿಸಿದರು. ಹತ್ತು ಸೆಕೆಂಡು ಇದ್ದಿರಬೇಕು. ಬಾಯಾದ ಮೇಲೆ ಅಂಗೈ ಒರಗಿದ ರೀತಿ, ಬೋಲುಗಳ ನಡುವೆ ಉಳಿಸಿದ ಉಸಿರು ನೋಡಿದರೆ ಅದು ಗುರುವಿನ ಎದುರು ವರ್ಷಗಟ್ಟಲೆ ಕೂತ ಕೈ ಎಂದು ಯಾರಿಗಾದರೂ ತಿಳಿಯುತ್ತಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ, ಸಂಗೀತ ಬಲ್ಲ ಹಿರಿಯರೊಬ್ಬರೂ ತಲೆದೂಗಿದರು. ಆಮೇಲೆ ಹೇಳಿದರು: “ಒಳ್ಳೇ ಕೈ. ಆರ್ಕೆಸ್ಟ್ರಾಕ್ಕೆ ಹೋಗಿ ಕೆಟ್ಟ.”

ಈ ಮಾತನ್ನು ನಾನು ಕಾರವಾರ, ಅಂಕೋಲೆಗಳಲ್ಲಿ ಬಹಳ ಸಲ ಕೇಳಿದ್ದೇನೆ. ಪೇಟಿ ನುಡಿಸುವವರ ಬಗ್ಗೆ, ಕೊಳಲಿನವರ ಬಗ್ಗೆ, ಧಾರವಾಡಕ್ಕೆ ಹೋಗಿ ನಾಲ್ಕಾರು ವರ್ಷ ಖ್ಯಾಲ್ ಕಲಿತು ಬಂದು ಸಿನಿಮಾ ಹಾಡು ಹಾಡುವ ಹೆಣ್ಣುಮಕ್ಕಳ ಬಗ್ಗೆ. ಕುಡಿದು ಕೆಟ್ಟ, ಇಸ್ಪೀಟು ಆಡಿ ಕೆಟ್ಟ ಎನ್ನುವ ಧಾಟಿಯಲ್ಲೇ ಈ ಮಾತೂ ಬರುತ್ತದೆ. ಶಾಸ್ತ್ರೀಯ ಸಂಗೀತ ಕಲಿತವನು ವಾದ್ಯಗಳ ಗುಂಪಿಗೆ ಸೇರಿದರೆ ಅದು ಬದುಕಿನ ದಾರಿಯಲ್ಲ, ಜಾರಿ ಬಿದ್ದದ್ದು ಎಂಬ ತೀರ್ಪು ಇದರಲ್ಲಿದೆ. ಈ ತೀರ್ಪನ್ನು ಒಮ್ಮೆ ಪರೀಕ್ಷಿಸಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಏಕೆಂದರೆ ನಮ್ಮ ದೊಡ್ಡ ಉಸ್ತಾದರ, ಪಂಡಿತರ ಬದುಕಿನ ಕಥೆಗಳನ್ನು ಓದಿದರೆ ಅವರಲ್ಲಿ ಬಹಳಷ್ಟು ಜನ ಒಂದಲ್ಲ ಒಂದು ಕಾಲದಲ್ಲಿ ‘ಆರ್ಕೆಸ್ಟ್ರಾಕ್ಕೆ ಹೋದವರೇ’. ಅವರು ಕೆಡಲಿಲ್ಲ, ಇವರು ಮಾತ್ರ ಹೇಗೆ ಕೆಟ್ಟರು?

ಆರೋಪದಲ್ಲಿ ಹುರುಳಿದೆ

ಮೊದಲು ಆರೋಪ ಮಾಡುವವರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಹಿಂದೂಸ್ತಾನಿ ಸಂಗೀತ ಮೂಲತಃ ಒಬ್ಬನು ಬೆಳೆಸುವ ಸಂಗೀತ. ಯಮನ್ ರಾಗವನ್ನು ಬಿಡಿಸಿಡಲು ಗಾಯಕನಿಗೆ ಅರ್ಧ ಗಂಟೆಯೂ ಸಾಲದು. ಅವನ ಷಡ್ಜ ಅವನ ಗಂಟಲಿಗೆ ಹೊಂದಿದ ಷಡ್ಜ. ದರಬಾರಿಯ ಕೋಮಲ ಗಾಂಧಾರ ನಿಂತಲ್ಲಿ ನಿಲ್ಲದೆ ಮೆಲ್ಲಗೆ ತೂಗಬೇಕು; ಅದು ಪೇಟಿಯ ಮನೆಯಲ್ಲಾಗಲಿ ಕೀಬೋರ್ಡಿನ ಮನೆಯಲ್ಲಾಗಲಿ ಸಿಗುವಂಥದ್ದಲ್ಲ. ಹಲವು ವಾದ್ಯಗಳು ಒಟ್ಟಿಗೆ ನುಡಿಯಬೇಕಾದರೆ ಎಲ್ಲವೂ ಮೊದಲೇ ಗೊತ್ತಾಗಿರಬೇಕು, ಬರೆದಿರಬೇಕು, ಇಷ್ಟೇ ಮಾತ್ರೆಗೆ ಮುಗಿಯಬೇಕು. ಮುಂದಿನ ಸ್ವರ ಯಾವುದೆಂದು ಆ ಕ್ಷಣದಲ್ಲಿ ಆಯ್ದುಕೊಳ್ಳುವ ಸ್ವಾತಂತ್ರ್ಯವೇ ರಾಗಸಂಗೀತದ ಜೀವವಾದರೆ, ಆರ್ಕೆಸ್ಟ್ರಾ ಆ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುತ್ತದೆ.

ಕೈಗೂ ಪೆಟ್ಟು ಬೀಳುತ್ತದೆ. ನಮ್ಮ ಜಾತ್ರೆಯ ವೇದಿಕೆಯಲ್ಲಿ ತಬಲಾದವರಿಗೆ ಇಡೀ ರಾತ್ರಿ ಕೆಹರವಾ ಮತ್ತು ದಾದರಾ. ಝಪತಾಳ ಬೇಕಾಗುವುದಿಲ್ಲ, ವಿಲಂಬಿತ ಏಕತಾಳದ ಹೆಸರೇ ಬರುವುದಿಲ್ಲ. ಹತ್ತು ವರ್ಷ ಹೀಗೆ ನುಡಿಸಿದ ಕೈಯಲ್ಲಿ ಚುರುಕು ಉಳಿಯುತ್ತದೆ, ತಾಳ್ಮೆ ಹೊರಟುಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಕಾರ್ಯಕ್ರಮ ಮುಗಿಸಿ ಮ್ಯಾಕ್ಸಿಕ್ಯಾಬಿನಲ್ಲಿ ಮನೆಗೆ ಬಂದವನು ಬೆಳಗಿನ ರಿಯಾಜ್‌ಗೆ ಏಳಲಾರ. ಇದೆಲ್ಲ ನಿಜ.

ಆದರೆ ಇದಿಷ್ಟು ಹೇಳಿ ಸುಮ್ಮನಾಗುವವರು ಒಂದು ಲೆಕ್ಕ ಕೊಡುವುದಿಲ್ಲ. ಕಾರವಾರ ಅಂಕೋಲೆಗಳಲ್ಲಿ ವರ್ಷಕ್ಕೆ ಎಷ್ಟು ಬೈಠಕ್‌ಗಳು ನಡೆಯುತ್ತವೆ? ಬೆರಳೆಣಿಕೆಯಷ್ಟು. ಅವುಗಳಿಗೂ ಮುಖ್ಯ ಕಲಾವಿದರು ಧಾರವಾಡದಿಂದಲೋ ಗೋವೆಯಿಂದಲೋ ಮುಂಬಯಿಯಿಂದಲೋ ಬರಬೇಕು, ಬರುವಾಗ ತಮ್ಮ ಸಾಥಿದಾರರನ್ನೂ ಕರೆತರುತ್ತಾರೆ. ಊರಿನ ತಬಲಜಿ ಎದುರಿನ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಬೇಕು. ವಿಲಂಬಿತ ಏಕತಾಳವನ್ನು ಅವನಿಂದ ಕಿತ್ತುಕೊಂಡದ್ದು ಆರ್ಕೆಸ್ಟ್ರಾವೋ, ಅದನ್ನು ನುಡಿಸಲು ಅವನಿಗೆ ಜಾಗವನ್ನೇ ಇಡದ ನಾವೋ?

ದೊಡ್ಡವರು ನಡೆದ ದಾರಿ

ಉಸ್ತಾದ್ ಅಲ್ಲಾವುದ್ದೀನ್ ಖಾನರನ್ನು ನೆನೆಯೋಣ. ರವಿಶಂಕರ್, ಅಲಿ ಅಕಬರ್ ಖಾನ್, ಅನ್ನಪೂರ್ಣಾದೇವಿ, ಪನ್ನಾಲಾಲ್ ಘೋಷ್ ಇವರೆಲ್ಲರ ಗುರು. ಸಂಗೀತದ ಹುಚ್ಚಿನಿಂದ ಮನೆಬಿಟ್ಟು ಕಲ್ಕತ್ತೆಗೆ ಬಂದ ಹುಡುಗನಿಗೆ ಅನ್ನ ಕೊಟ್ಟದ್ದು ಅಲ್ಲಿನ ನಾಟಕಶಾಲೆಗಳ ವಾದ್ಯಮೇಳ. ಹಾಬು ದತ್ತರ ಬಳಿ ಹಲವಾರು ವಾದ್ಯ ಕಲಿತರು. ಪಾಶ್ಚಾತ್ಯ ಪಿಟೀಲನ್ನು ಹೇಳಿಕೊಟ್ಟವರು ಗೋವೆಯ ಮೂಲದ ಬ್ಯಾಂಡ್ ಮಾಸ್ತರ್ ಲೋಬೋ. ಮುಂದೆ ರಾಮಪುರದ ವಜೀರ್ ಖಾನರ ಬಳಿ ಧ್ರುಪದ ಪರಂಪರೆಯ ಕಠಿಣ ಶಿಕ್ಷಣ ಪಡೆದು ಮೈಹರ್ ಸಂಸ್ಥಾನದ ಆಸ್ಥಾನ ವಿದ್ವಾಂಸರಾದ ಮೇಲೆ ಈ ಮನುಷ್ಯ ಮಾಡಿದ್ದೇನು? ಸಾಂಕ್ರಾಮಿಕ ರೋಗದಲ್ಲಿ ತಂದೆ ತಾಯಿ ಕಳೆದುಕೊಂಡ ಅನಾಥ ಮಕ್ಕಳನ್ನು ಕೂಡಿಸಿ ಒಂದು ಆರ್ಕೆಸ್ಟ್ರಾ ಕಟ್ಟಿದರು. ಅದೇ ಮೈಹರ್ ಬ್ಯಾಂಡ್. ಹಳೆಯ ಬಂದೂಕಿನ ನಳಿಗೆಗಳನ್ನು ಅಳತೆಗೆ ಕತ್ತರಿಸಿ ನಳತರಂಗ ಎಂಬ ವಾದ್ಯ ಮಾಡಿದರು. ಕೊಲ್ಲುವ ಕಬ್ಬಿಣ ಸ್ವರ ನುಡಿಯಿತು. ರಾಗದ ಶುದ್ಧಿಯ ವಿಷಯದಲ್ಲಿ ಶಿಷ್ಯರನ್ನು ಹೊಡೆಯಲೂ ಹಿಂಜರಿಯದ ಉಸ್ತಾದರಿಗೆ ಆರ್ಕೆಸ್ಟ್ರಾ ಅಶುದ್ಧ ಎನ್ನಿಸಲಿಲ್ಲ. ತಮಗೆ ಅನ್ನ ಕೊಟ್ಟ ದಾರಿಯನ್ನೇ ಅವರು ಆ ಮಕ್ಕಳಿಗೂ ತೋರಿಸಿದರು.

ಇನ್ನು ನಾಟಕ ಕಂಪನಿಗಳು. ನಮ್ಮ ಜಿಲ್ಲೆ 1862ರಲ್ಲಿ ಮದರಾಸು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದ್ದು. 1956ರವರೆಗೆ ನಮಗೆ ಮುಂಬಯಿಯೇ ರಾಜಧಾನಿ. ಅದಕ್ಕೂ ಹಿಂದೆಯೇ ಹೊನ್ನಾವರ ಸೀಮೆಯ ಕರ್ಕಿಯ ಭಾಗವತ ಮೇಳ ಸಾಂಗ್ಲಿಗೆ ಹೋಗಿ ಆಡಿದ ಆಟ ನೋಡಿ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿ ನಾಟಕಕ್ಕೆ ಮೊದಲಿಟ್ಟರು ಎಂಬುದನ್ನು ಮರಾಠಿ ರಂಗಭೂಮಿಯ ಚರಿತ್ರೆಕಾರರೇ ಹೇಳುತ್ತಾರೆ. ನಾವು ಕೊಟ್ಟದ್ದು ಬೆಳೆದು ಸಂಗೀತ ನಾಟಕವಾಗಿ ನಮ್ಮ ಕಡೆಗೇ ತಿರುಗಿ ಬಂತು. ಬಾಲಗಂಧರ್ವರ ಕಂಪನಿಯ ವಾದ್ಯದವರ ಜಾಗದಲ್ಲಿ ಕೂತವರು ಯಾರು? ತಬಲಾಕ್ಕೆ ಉಸ್ತಾದ್ ಅಹಮದ್ ಜಾನ್ ಥಿರಕವಾ, ಸಾರಂಗಿಗೆ ಕಾದರ್ ಬಕ್ಷ್. ಥಿರಕವಾ ಎಂದರೆ ತಬಲಾದ ಇತಿಹಾಸದಲ್ಲಿ ಒಂದು ಅಧ್ಯಾಯ. ಅವರು ರಾತ್ರಿ ನಾಟಕದ ಪದಗಳಿಗೆ ನುಡಿಸಿದರು. ಏಕವ್ಯಕ್ತಿ ತಬಲಾ ವಾದನಕ್ಕೆ ಘನತೆ ತಂದವರೂ ಅವರೇ. ಅವರ ಬಗ್ಗೆ ಯಾರೂ ‘ನಾಟಕಕ್ಕೆ ಹೋಗಿ ಕೆಟ್ಟ’ ಎಂದು ಬರೆದಿಲ್ಲ.

ಕಾಳಿನದಿಯ ಆಚೆಗೆ

ಕಾರವಾರದಿಂದ ಕಾಳಿ ದಾಟಿ ಮಾಜಾಳಿಯ ಕಡೆ ಹೋದರೆ ಗೋವೆಯ ಗಡಿ ಹತ್ತಿರದಲ್ಲೇ ಇದೆ. ಪೋರ್ಚುಗೀಜರ ಕಾಲದಲ್ಲಿ ಅಲ್ಲಿನ ಇಗರ್ಜಿ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರದ ಜೊತೆ ಪಾಶ್ಚಾತ್ಯ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ದೇವರ ಪೂಜೆಗೆಂದು ಕಲಿತ ವಿದ್ಯೆ ಹೊಟ್ಟೆಪಾಡಿಗೆ ಮುಂಬಯಿ ದಾರಿ ಹಿಡಿಯಿತು. ಹೋಟೆಲುಗಳ ಬ್ಯಾಂಡು, ಮೂಕಿ ಚಿತ್ರಗಳ ವಾದ್ಯಮೇಳ, ಕೊನೆಗೆ ಹಿಂದಿ ಸಿನಿಮಾದ ಸ್ಟುಡಿಯೋ. ಸಂಗೀತ ನಿರ್ದೇಶಕರು ರಾಗ ಹೇಳುವರು, ಟ್ಯೂನು ಕೊಡುವರು. ಅದನ್ನು ಐವತ್ತು ಅರವತ್ತು ವಾದ್ಯಗಳಿಗೆ ಹಂಚಿ ಬರೆದು ನುಡಿಸುವವರು ಗೋವೆಯ ಅರೇಂಜರುಗಳು. ಶಂಕರ್ ಜೈಕಿಶನ್ನರ ಹಾಡುಗಳ ಹಿಂದಿನ ಸೆಬಾಸ್ಟಿಯನ್ ಡಿಸೋಜಾ ಅವರಲ್ಲಿ ಒಬ್ಬರು. ದಕ್ಷಿಣ ಗೋವೆಯ ಮಜೋರ್ಡಾದಲ್ಲಿ 1927ರಲ್ಲಿ ಹುಟ್ಟಿದ ಆಂಥೋನಿ ಗೊನ್ಸಾಲ್ವಿಸ್ ಇನ್ನೊಬ್ಬರು.

ಗೊನ್ಸಾಲ್ವಿಸರ ಬದುಕು ನಮ್ಮ ವಿಷಯಕ್ಕೆ ಹತ್ತಿರದ್ದು. ಇವರದು ಪಾಶ್ಚಾತ್ಯ ಶಾಸ್ತ್ರೀಯ ಶಿಕ್ಷಣ. 1943ರಲ್ಲಿ ನೌಶಾದರ ವಾದ್ಯಮೇಳಕ್ಕೆ ಪಿಟೀಲುವಾದಕರಾಗಿ ಸೇರಿದರು. ಅಲ್ಲಿ ಹಿಂದೂಸ್ತಾನಿ ರಾಗಗಳ ರುಚಿ ಹತ್ತಿತು. ಎರಡನ್ನೂ ಒಂದೇ ಹಾಸಿಗೆಯಲ್ಲಿ ಕೂಡಿಸಬೇಕೆಂಬ ಹಂಬಲದಿಂದ ರಾಗಗಳ ಮೇಲೆ ಆರ್ಕೆಸ್ಟ್ರಾ ಕೃತಿಗಳನ್ನು ಬರೆದರು. 1958ರಲ್ಲಿ ನೂರಕ್ಕೂ ಹೆಚ್ಚು ಕಲಾವಿದರನ್ನು ಕೂಡಿಸಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಕಟ್ಟಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನ ಅಂಗಳದಲ್ಲಿ ನುಡಿಸಿದರು. ಲತಾ ಮಂಗೇಶ್ಕರ್, ಮನ್ನಾ ಡೇ ಹಾಡಿದರು. ಅದು ಮುಂದುವರಿಯಲಿಲ್ಲ, ದುಡ್ಡು ಹಾಕುವವರು ಇರಲಿಲ್ಲ. 1960ರ ದಶಕದಲ್ಲಿ ಅವರು ಅಮೆರಿಕಕ್ಕೆ ಹೋದರು, ಮರಳಿ ಬಂದು ಊರಿನಲ್ಲಿ ಸದ್ದಿಲ್ಲದೆ ಬದುಕಿ 2012ರಲ್ಲಿ ತೀರಿಕೊಂಡರು. ಅವರ ಹೆಸರು ಇಡೀ ದೇಶಕ್ಕೆ ಗೊತ್ತು. ಹೇಗೆಂದರೆ, ಅವರಲ್ಲಿ ಪಿಟೀಲು ಕಲಿತ ಪ್ಯಾರೇಲಾಲ್ ತಮ್ಮ ಗುರುವಿನ ಹೆಸರನ್ನು 1977ರ ‘ಅಮರ್ ಅಕಬರ್ ಆಂಥೋನಿ’ ಚಿತ್ರದ ಒಂದು ಹಾಡಿಗೆ ತಂದರು. ಕೋಟ್ಯಂತರ ಜನ ಆ ಹೆಸರನ್ನು ಕೂಗಿ ಕುಣಿದರು, ಅದು ನಿಜವಾದ ಮನುಷ್ಯನೊಬ್ಬನ ಹೆಸರೆಂದು ಅವರಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ.

ಅದೇ ಸ್ಟುಡಿಯೋಗಳಲ್ಲಿ ಹಿಂದೂಸ್ತಾನಿಯ ದೊಡ್ಡ ಕೈಗಳೂ ದುಡಿದವು. ಸಿತಾರಿನ ಅಬ್ದುಲ್ ಹಲೀಮ್ ಜಾಫರ್ ಖಾನ್, ರಯೀಸ್ ಖಾನ್. ಸರೋದಿನ ಜರೀನ್ ದಾರೂವಾಲಾ. ಸಂತೂರಿನ ಶಿವಕುಮಾರ್ ಶರ್ಮಾ, ಕೊಳಲಿನ ಹರಿಪ್ರಸಾದ್ ಚೌರಾಸಿಯಾ. ಸಾರಂಗಿಯ ರಾಮ್ ನಾರಾಯಣ್ 1949ರಲ್ಲಿ ಮುಂಬಯಿಗೆ ಬಂದದ್ದೇ ಸಿನಿಮಾದಲ್ಲಿ ನುಡಿಸಿ ಬದುಕಲು. ಆ ಸಂಬಳದ ಬಲದಿಂದಲೇ ಗಾಯಕರ ಬೆನ್ನ ಹಿಂದೆ ಕೂರುವುದನ್ನು ಬಿಟ್ಟು ಸಾರಂಗಿಯನ್ನು ಸ್ವತಂತ್ರ ವಾದ್ಯವಾಗಿ ನಿಲ್ಲಿಸುವ ಧೈರ್ಯ ಅವರಿಗೆ ಬಂತು. ಅಂದರೆ ಆರ್ಕೆಸ್ಟ್ರಾದ ದುಡಿಮೆ ಶಾಸ್ತ್ರೀಯ ಸಂಗೀತವನ್ನು ಕೆಡಿಸಲಿಲ್ಲ. ಅದಕ್ಕೆ ಬಂಡವಾಳ ಒದಗಿಸಿತು. ಹೀಗೆ ಗೆದ್ದು ಹೊರಬಂದವರ ಹೆಸರು ನಾಲ್ಕಾರು. ಅಲ್ಲೇ ಉಳಿದ ನೂರಾರು ಜನರ ಹೆಸರು ತಟ್ಟೆಯ ಹೊದಿಕೆಯ ಮೇಲಾಗಲಿ ಪರದೆಯ ಮೇಲಾಗಲಿ ಬರಲಿಲ್ಲ. ನ್ಯೂಜಿಲೆಂಡಿನ ವಿದ್ವಾಂಸ ಗ್ರೆಗರಿ ಬೂತ್ ಈ ವಾದಕರನ್ನು ಹುಡುಕಿ ಮಾತಾಡಿಸಿ 2008ರಲ್ಲಿ ಪುಸ್ತಕ ಮಾಡಬೇಕಾಯಿತು. ಅವರ ಹಾಡು ಕೇಳಿ ಬೆಳೆದ ನಮಗೆ ಅದು ಹೊಳೆಯಲಿಲ್ಲ.

ಬಾಗಿಲು ಮುಚ್ಚಿದ ಶುದ್ಧಿ

ಸರ್ಕಾರವೂ ಆರ್ಕೆಸ್ಟ್ರಾ ಕಟ್ಟಿತು. 1952ರಲ್ಲಿ ಆಕಾಶವಾಣಿಯ ವಾದ್ಯವೃಂದ ದೆಹಲಿಯಲ್ಲಿ ಶುರುವಾದಾಗ ಅದನ್ನು ನಡೆಸಿದವರು ರವಿಶಂಕರ್, ದಕ್ಷಿಣದ ಪದ್ಧತಿಗೆ ಟಿ.ಕೆ. ಜಯರಾಮ ಅಯ್ಯರ್. 1956ರಲ್ಲಿ ಪನ್ನಾಲಾಲ್ ಘೋಷ್ ಅದರ ನಿರ್ದೇಶಕರಾಗಿ ಬಂದು 1960ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ದುಡಿದರು. ಮುಂಬಯಿಯ ಸಿನಿಮಾ ಸಂಗೀತದಲ್ಲಿ ಕೆಲಸ ಮಾಡಿ, ಜಾನಪದದ ಕೊಳಲನ್ನು ಉದ್ದ ಮಾಡಿ ಖ್ಯಾಲಿನ ಗಾಂಭೀರ್ಯಕ್ಕೆ ಏರಿಸಿದವರು ಅವರು. ಅವರ ಶಿಷ್ಯರೂ ಅಳಿಯರೂ ಆದ ದೇವೇಂದ್ರ ಮುರ್ಡೇಶ್ವರ್ ಆಕಾಶವಾಣಿಯಲ್ಲಿ ದುಡಿದವರು. ರವಿಶಂಕರರಲ್ಲಿ ಸಿತಾರ್ ಕಲಿತ ಭಾಸ್ಕರ್ ಚಂದಾವರ್ಕರ್ ಮರಾಠಿಯ ‘ಘಾಶೀರಾಮ್ ಕೋತ್ವಾಲ್’ ನಾಟಕಕ್ಕೂ ಕನ್ನಡದ ‘ವಂಶವೃಕ್ಷ’ ಚಿತ್ರಕ್ಕೂ ಸಂಗೀತ ಕೊಟ್ಟರು. ಮುರ್ಡೇಶ್ವರ, ಚಂದಾವರ ಎರಡೂ ನಮ್ಮ ಜಿಲ್ಲೆಯ ಊರುಗಳು. ಮನೆತನಗಳು ಊರು ಬಿಟ್ಟರೂ ಊರಿನ ಹೆಸರು ಬಿಡಲಿಲ್ಲ. ಆ ಹೆಸರುಗಳನ್ನು ಹೊತ್ತವರು ವಾದ್ಯಮೇಳಕ್ಕೆ ಹೆದರಲಿಲ್ಲ.

ಅದೇ ಆಕಾಶವಾಣಿಯ ಇನ್ನೊಂದು ಕಥೆ ಇದೆ. ದೆಹಲಿ ಕೇಂದ್ರದ ಪಾಶ್ಚಾತ್ಯ ಸಂಗೀತ ವಿಭಾಗಕ್ಕೆ ಬಂದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರ ನಮ್ಮ ವಾದ್ಯಗಳನ್ನು ಸೇರಿಸಿ ಆರ್ಕೆಸ್ಟ್ರಾ ಮಾಡಲು ಹೊರಟವನು. ಪೇಟಿ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಅದು ಭಾರತದ ಸ್ವರಗಳನ್ನು ಕೊಲ್ಲುತ್ತದೆ ಎಂದು ಬರೆದ. ರವೀಂದ್ರನಾಥ ಟಾಗೋರರ ಅಭಿಪ್ರಾಯವೂ ಅದೇ ಆಗಿತ್ತು. ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಯುವಕನಾಗಿ ಕಾರವಾರದಲ್ಲಿ ಕೆಲಕಾಲ ಇದ್ದು, ನಮ್ಮ ಕಡಲದಂಡೆಗೆ ತನ್ನ ಹೆಸರು ಬಿಟ್ಟುಹೋದ ಅದೇ ಟಾಗೋರರು. 1940ರ ಮಾರ್ಚಿನಲ್ಲಿ ಆಕಾಶವಾಣಿ ಪೇಟಿಗೆ ನಿಷೇಧ ಹಾಕಿತು. 1971ರವರೆಗೂ ಅದು ಸಡಿಲಾಗಲಿಲ್ಲ.

ವಾದ ತಪ್ಪಲ್ಲ. ಪೇಟಿಯಲ್ಲಿ ಮೀಂಡ್ ಬರುವುದಿಲ್ಲ, ನಿಜ. ಆದರೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪೇಟಿ ಮಾಸ್ತರರು ಏನು ತಿಂದು ಬದುಕಿದರು? ಭಜನೆ, ನಾಟಕ, ಹರಿಕಥೆ, ಹಾಡಿನ ಮೇಳ. ಶುದ್ಧಿಯ ಹೆಸರಿನಲ್ಲಿ ದೊಡ್ಡ ಬಾಗಿಲು ಮುಚ್ಚಿದಾಗ ಅಶುದ್ಧವೆನ್ನಿಸಿಕೊಂಡ ಸಣ್ಣ ಬಾಗಿಲುಗಳು ಅವರನ್ನು ಉಳಿಸಿದವು. ಇಂದು ಯಾವ ಬೈಠಕ್ಕೂ ಪೇಟಿಯಿಲ್ಲದೆ ನಡೆಯುವುದು ಕಷ್ಟ. ಆ ಪೇಟಿ ಉಳಿದದ್ದು ಯಾರ ಅನ್ನದಿಂದ ಎಂಬುದನ್ನು ರಸಿಕರು ಮರೆತಿದ್ದಾರೆ.

ಹೆಸರು ಇದ್ದವರು, ಹೆಸರಿಲ್ಲದವರು

‘ಅಮರ್ ಅಕಬರ್ ಆಂಥೋನಿ’ ಬಂದ 1977ರಲ್ಲೇ ಕನ್ನಡದಲ್ಲಿ ‘ಸನಾದಿ ಅಪ್ಪಣ್ಣ’ ಬಂತು. ರಾಜಕುಮಾರ್ ಅಭಿನಯ, ಜಿ.ಕೆ. ವೆಂಕಟೇಶ್ ಸಂಗೀತ, ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ. ಕಾಶಿಯ ಬಾಲಾಜಿ ಗುಡಿಯಲ್ಲಿ ಸಾಧನೆ ಮಾಡಿದ ಮುಸ್ಲಿಂ ವಾದಕನ ಉಸಿರು ಕನ್ನಡ ಹಳ್ಳಿಯ ಸನಾದಿ ಅಪ್ಪಣ್ಣನ ಉಸಿರಾಯಿತು. ಆ ಹಾಡುಗಳಲ್ಲಿ ಶಹನಾಯಿಯ ಸುತ್ತ ಸಿನಿಮಾದ ಪೂರ್ಣ ಆರ್ಕೆಸ್ಟ್ರಾ ಇದೆ. ಅದರ ಹಿಂದೆ 1966ರ ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿ ಹಾಡಿದ್ದರು. ಬಿಸ್ಮಿಲ್ಲಾ ಖಾನರು ಅಥವಾ ಭೀಮಸೇನರು ಆರ್ಕೆಸ್ಟ್ರಾಕ್ಕೆ ಹೋಗಿ ಕೆಟ್ಟರೆಂದು ಕನ್ನಡಿಗರು ಹೇಳಲಿಲ್ಲ. ಸಿನಿಮಾಕ್ಕೆ ಘನತೆ ಬಂತು ಎಂದರು. ಸರಿಯಾಗಿಯೇ ಹೇಳಿದರು.

ಸಾಗರದಾಚೆಯ ವೇದಿಕೆಗಳಲ್ಲೂ ಹೀಗೇ. 1971ರಲ್ಲಿ ರವಿಶಂಕರ್ ಲಂಡನ್ ಸಿಂಫನಿ ಆರ್ಕೆಸ್ಟ್ರಾಕ್ಕಾಗಿ ಸಿತಾರ್ ಕಾನ್ಸರ್ಟೋ ಬರೆದರು. ಖಮಾಜ್, ಸಿಂಧು ಭೈರವಿ, ಅಡಾಣಾ, ಮಾಂಝ್ ಖಮಾಜ್ ಎಂದು ನಾಲ್ಕು ಭಾಗ, ಆಂಡ್ರೆ ಪ್ರೆವಿನ್ ನಿರ್ದೇಶನ. 1981ರಲ್ಲಿ ಝುಬಿನ್ ಮೆಹ್ತಾ ಜೊತೆ ನ್ಯೂಯಾರ್ಕಿನಲ್ಲಿ ‘ರಾಗಮಾಲಾ’. ಅಮ್ಜದ್ ಅಲಿ ಖಾನರು ಸ್ಕಾಟಿಷ್ ಚೇಂಬರ್ ಆರ್ಕೆಸ್ಟ್ರಾದ ಜೊತೆ ‘ಸಮಾಗಮ್’ ಮಾಡಿದರು. 2024ರ ಡಿಸೆಂಬರಿನಲ್ಲಿ ನಮ್ಮನ್ನು ಬಿಟ್ಟುಹೋದ ಝಾಕಿರ್ ಹುಸೇನ್ 2015ರಲ್ಲಿ ಮುಂಬಯಿಯ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾಕ್ಕಾಗಿ ತಬಲಾ ಕಾನ್ಸರ್ಟೋ ‘ಪೇಶಕಾರ್’ ಬರೆದರು. ಸಂಗೀತದ ದೃಷ್ಟಿಯಿಂದ ಇವುಗಳ ಬಗ್ಗೆ ತಕರಾರು ಇರಬಹುದು. ರವಿಶಂಕರರ ಮೊದಲ ಕಾನ್ಸರ್ಟೋ ಕೇಳಿದಾಗ ನನಗೂ ಅನ್ನಿಸಿದೆ: ರಾಗ ಕೆಡದಿರಲೆಂದು ಅವರು ಆರ್ಕೆಸ್ಟ್ರಾದ ಕೈ ಕಟ್ಟಿದ್ದಾರೆ. ನೂರು ವಾದ್ಯಗಳು ಬಹಳ ಹೊತ್ತು ಒಂದೇ ಸ್ವರಸಾಲನ್ನು ಒಟ್ಟಿಗೆ ನುಡಿದು ಸಿತಾರಿಗೆ ಹೌದೆನ್ನುತ್ತವೆ. ಎದುರು ಮಾತು ಆಡುವುದು ಕಡಿಮೆ. ಸಿತಾರ್ ಒಂಟಿಯಾಗುವ ಜಾಗಗಳಲ್ಲಿ ಮಾತ್ರ ರಾಗ ಕಣ್ಣು ಬಿಡುತ್ತದೆ. ಪ್ರಯೋಗ ದೊಡ್ಡದು, ಕೃತಿ ಅಷ್ಟು ದೊಡ್ಡದಲ್ಲ.

ಹೀಗೆ ಅನ್ನಿಸಿದರೂ ನಾನು ಅವರನ್ನು ‘ಕೆಟ್ಟವರು’ ಎನ್ನುವುದಿಲ್ಲ, ಯಾರೂ ಎನ್ನುವುದಿಲ್ಲ. ರಾಗಕ್ಕೆ ಸ್ವಾತಂತ್ರ್ಯ ಕಡಿಮೆಯಾದದ್ದೇ ಅಪರಾಧವಾದರೆ ಲಂಡನ್ನಿನಲ್ಲೂ ಅದು ಕಡಿಮೆಯಾಗಿದೆ, ಅಂಕೋಲೆಯಲ್ಲೂ ಕಡಿಮೆಯಾಗಿದೆ. ವ್ಯತ್ಯಾಸ ಇರುವುದು ಒಂದೇ ಕಡೆ. ಅಲ್ಲಿ ಆರ್ಕೆಸ್ಟ್ರಾದ ಎದುರು ಕೂತವನಿಗೆ ಹೆಸರಿದೆ, ಇಲ್ಲಿ ಒಳಗೆ ಕೂತವನಿಗೆ ಹೆಸರಿಲ್ಲ. ನಮ್ಮ ತೀರ್ಪು ಸಂಗೀತದ ಶುದ್ಧಿಯನ್ನು ಅಳೆಯುತ್ತಿಲ್ಲ, ಮನುಷ್ಯನ ಸ್ಥಾನವನ್ನು ಅಳೆಯುತ್ತಿದೆ.

ಈ ಅಳತೆಗೋಲು ಆರ್ಕೆಸ್ಟ್ರಾಕ್ಕಿಂತ ಹಳೆಯದು. ಸಾರಂಗಿ ಮತ್ತು ತಬಲಾ ಬಹುಕಾಲ ಹೆಣ್ಣುಮಕ್ಕಳ ಹಾಡು ಕುಣಿತಕ್ಕೆ ಸಾಥ್ ಕೊಟ್ಟ ವಾದ್ಯಗಳು. ಅವನ್ನು ನುಡಿಸಿದವರು ಬಹುಪಾಲು ಮುಸ್ಲಿಂ ಮೀರಾಸಿ ಮನೆತನದವರು. ಗಾಯಕ ಉಸ್ತಾದರ ಮನೆಗಳಲ್ಲೂ ಅವರಿಗೆ ಸಮನಾದ ಮಣೆ ಸಿಗುತ್ತಿರಲಿಲ್ಲ. ಸಂಗೀತವನ್ನೇ ಒಪ್ಪದ ಸಮುದಾಯದ ಹಿರಿಯರು ಒಂದು ಕಡೆ, ಸಾಥಿದಾರನನ್ನು ಕಲಾವಿದನೆಂದು ಒಪ್ಪದ ರಸಿಕರು ಇನ್ನೊಂದು ಕಡೆ. ಎರಡೂ ಕಡೆಯ ತಿರಸ್ಕಾರವನ್ನು ನುಂಗಿಕೊಂಡು ಈ ಜನ ಲಯವನ್ನು ಕಾಪಾಡಿದರು. ಗೋವೆಯ ಕ್ರೈಸ್ತ ಪಿಟೀಲುಗಾರನಿಗೂ ಬೇರೆ ಬಗೆಯ ಅದೇ ಪಾಡು. ನಮ್ಮ ಸಂಗೀತದ ಇತಿಹಾಸವನ್ನು ಮುಂದೆ ಕೂತವರ ಇತಿಹಾಸವಾಗಿ ಮಾತ್ರ ಬರೆದರೆ ಹಿಂದೆ ಕೂತ ಇವರೆಲ್ಲ ಅದರಿಂದ ಹೊರಗೆ ಬೀಳುತ್ತಾರೆ.

ಆಟದ ಹಿಮ್ಮೇಳ ಕಲಿಸುವ ಪಾಠ

ಇದಕ್ಕೆ ಮದ್ದು ದೂರದಲ್ಲಿ ಹುಡುಕಬೇಕಿಲ್ಲ, ನಮ್ಮ ಯಕ್ಷಗಾನದಲ್ಲೇ ಇದೆ. ಅಲ್ಲಿಯೂ ಹಿಮ್ಮೇಳ ಹಿಂದೆಯೇ ಕೂರುತ್ತದೆ. ಆದರೆ ಆಟದ ಕರಪತ್ರ ತೆಗೆದು ನೋಡಿ. ಮುಮ್ಮೇಳದ ಹೆಸರುಗಳ ಜೊತೆಗೆ ಭಾಗವತರು ಯಾರು, ಮದ್ದಳೆ ಯಾರು, ಚಂಡೆ ಯಾರು ಎಂದು ಅಚ್ಚಾಗಿರುತ್ತದೆ. ಕಡತೋಕಾ ಮಂಜುನಾಥ ಭಾಗವತರ ಪದ, ದುರ್ಗಪ್ಪ ಗುಡಿಗಾರರ ಮದ್ದಳೆ ಎಂದರೆ ಹಳ್ಳಿಯ ಪ್ರೇಕ್ಷಕನಿಗೂ ಗೊತ್ತು. ಮದ್ದಳೆ ಕೇಳಲೆಂದೇ ಆಟಕ್ಕೆ ಹೋಗುವವರಿದ್ದರು. ಗುಂಪಿನಲ್ಲಿ ನುಡಿಸುವುದು ಅಲ್ಲಿ ಕೀಳಲ್ಲ. ಕಾರಣ, ಗುಂಪಿನೊಳಗಿನ ಒಬ್ಬೊಬ್ಬನ ಕೈಯನ್ನೂ ಬೇರೆಯಾಗಿ ಗುರುತಿಸುವ ಕಿವಿಯನ್ನು ಪ್ರೇಕ್ಷಕರು ಬೆಳೆಸಿಕೊಂಡಿದ್ದಾರೆ.

ಈಗ ಆರ್ಕೆಸ್ಟ್ರಾದ ಪೋಸ್ಟರು ನೋಡಿ. ಟಿವಿಯಲ್ಲಿ ಬಂದ ಗಾಯಕಿಯ ಚಿತ್ರ, ನಿರೂಪಕನ ಚಿತ್ರ, ಮಾಲೀಕನ ಹೆಸರು, ದೇಣಿಗೆ ಕೊಟ್ಟವರ ಸಾಲು ಸಾಲು ಭಾವಚಿತ್ರ. ತಬಲಾ ನುಡಿಸುವವನ ಹೆಸರು ಎಲ್ಲಿ? ಒಂದೇ ಊರಿನ ಒಂದೇ ಗೋಡೆಯ ಮೇಲೆ ಅಂಟಿಸಿದ ಎರಡು ಕಾಗದಗಳು ಎರಡು ಬಗೆಯ ನೀತಿಯನ್ನು ಹೇಳುತ್ತಿವೆ.

ಆರ್ಕೆಸ್ಟ್ರಾಕ್ಕೂ ಬೇಡವಾದಾಗ

ನಾವು ಹೀಗೆ ಮೂಗು ಮುರಿಯುತ್ತ ಕೂತಿರುವಾಗ ಇನ್ನೊಂದು ಸಂಗತಿ ನಡೆದುಹೋಯಿತು. 1980ರ ದಶಕದ ಕೊನೆಯಿ೦ದ ಮುಂಬಯಿ, ಚೆನ್ನೈ ಸ್ಟುಡಿಯೋಗಳಲ್ಲಿ ಸಿಂಥಸೈಜರ್ ಬಂದು ಪಿಟೀಲುಗಳ ಸಾಲನ್ನು ಮನೆಗೆ ಕಳಿಸಿತು. ನಮ್ಮ ವೇದಿಕೆಗಳಲ್ಲಿ ಮೊದಲು ಕೀಬೋರ್ಡು ಕೊಳಲಿನ, ಸಿತಾರಿನ ದನಿ ತೆಗೆಯಿತು. ಆಮೇಲೆ ರಿದಂ ಪ್ಯಾಡ್ ಬಂತು. ಅದರಲ್ಲಿ ತಬಲಾ, ಢೋಲಕ್, ಡೋಲು ಎಲ್ಲವೂ ಬೆರಳ ತುದಿಯಲ್ಲಿ. ಈಗ ಪೆನ್‌ಡ್ರೈವಿನಲ್ಲಿ ಟ್ರ್ಯಾಕು ಹಾಕಿ ಹಾಡುವವರಿಗೆ ಪ್ಯಾಡೂ ಬೇಕಿಲ್ಲ. ಆಯೋಜಕನಿಗೆ ಖರ್ಚು ಕಡಿಮೆ, ಗಾಡಿಯಲ್ಲಿ ಜಾಗ ಉಳಿತಾಯ. ಆರ್ಕೆಸ್ಟ್ರಾಕ್ಕೆ ಹೋಗಿ ಕೆಟ್ಟವನಿಗೆ ಈಗ ಹೋಗಿ ಕೆಡಲು ಆರ್ಕೆಸ್ಟ್ರಾವೂ ಉಳಿದಿಲ್ಲ.

ಆ ರಾತ್ರಿ ಲಗ್ಗಿ ನುಡಿಸಿದವರನ್ನು ಕೆಲವು ದಿನಗಳ ನಂತರ ಅಂಕೋಲೆಯ ಬಸ್‌ಸ್ಟ್ಯಾಂಡಿನ ಬಳಿ ಕಂಡೆ. ಚಹಾ ಕುಡಿಯುತ್ತ ಮಾತಿಗೆ ಬಂದರು. ಹುಬ್ಬಳ್ಳಿಯಲ್ಲಿ ಗುರುಗಳ ಮನೆಯಲ್ಲೇ ಇದ್ದು ಎಂಟು ವರ್ಷ ಕಲಿತವರು. ವಯಸ್ಸಿನಲ್ಲಿ ಎರಡು ಸಲ ಸೋಲೋ ನುಡಿಸಿದ್ದರಂತೆ. “ಮಾಸ್ತರ್ರೇ, ಬೈಠಕ್ ಬಿಟ್ಟಿದ್ದಕ್ಕೆ ಬೇಜಾರಿಲ್ವಾ?” ಎಂದೆ. ನಕ್ಕರು. “ಬೈಠಕ್‌ನವ್ರು ಶಾಲು ಹೊದಿಸಿದ್ರು. ಆರ್ಕೆಸ್ಟ್ರಾದವ್ರು ಅಕ್ಕಿ ಕೊಟ್ರು. ಎರಡೂ ಬೇಕಿತ್ತು ಸಾರ್,” ಎಂದರು. ಆ ವರ್ಷ ಅವರಿಗೆ ಸಿಕ್ಕ ಕಾರ್ಯಕ್ರಮ ಆರು. ಮೊದಲೆಲ್ಲ ಹಂಗಾಮಿನಲ್ಲಿ ಅಷ್ಟು ಒಂದು ವಾರಕ್ಕೇ ಆಗುತ್ತಿತ್ತಂತೆ. ಮಗನಿಗೆ ಕಲಿಸಿದ್ದೀರಾ ಎಂದು ಕೇಳಿದ್ದಕ್ಕೆ, ಅವನು ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಾನೆ ಎಂದರು. ದನಿಯಲ್ಲಿ ದೂರು ಇರಲಿಲ್ಲ.

ಅವರ ಗುರುವಿನಿಂದ ಅವರಿಗೆ ಬಂದ ಬೋಲುಗಳು ಅವರ ಜೊತೆಗೇ ಹೋಗುತ್ತವೆ. ಅದು ಸಿನಿಮಾ ಸಂಗೀತಕ್ಕಲ್ಲ, ಶಾಸ್ತ್ರೀಯ ಸಂಗೀತಕ್ಕೇ ಆಗುವ ನಷ್ಟ. ಇದನ್ನು ತಪ್ಪಿಸಲು ದೊಡ್ಡ ಯೋಜನೆಗಳು ಬೇಕಿಲ್ಲ. ಕಾರವಾರದ ಮಯೂರವರ್ಮ ವೇದಿಕೆಯಲ್ಲಿ ಕರಾವಳಿ ಉತ್ಸವ ನಡೆದಾಗ ಹೊರಗಿನ ತಾರೆಯರು ಬರುವ ಮುನ್ನ ಜಿಲ್ಲೆಯ ವಾದಕರಿಗೇ ಒಂದು ಗಂಟೆ ಕೊಡಬಹುದು. ಬೈಠಕ್ ನಡೆಸುವ ಸಂಘಗಳು ವರ್ಷಕ್ಕೊಮ್ಮೆಯಾದರೂ ಊರಿನ ತಬಲಾ, ಊರಿನ ಪೇಟಿಯ ಸಾಥ್ ಇಟ್ಟುಕೊಳ್ಳಬಹುದು. ಕಾಲೇಜಿನ ಹುಡುಗರು ಮೊಬೈಲ್ ಹಿಡಿದು ಇವರ ಮನೆಗೆ ಹೋಗಿ ಅವರಿಗೆ ನೆನಪಿರುವ ಕಾಯದಾ, ರೇಲಾಗಳನ್ನು ರೆಕಾರ್ಡ್ ಮಾಡಬಹುದು. ವಿಮರ್ಶೆ ಬರೆಯುವ ನಮ್ಮಂಥವರು ಸಿನಿಮಾ ಹಾಡಿನ ಬಗ್ಗೆ ಬರೆಯುವಾಗ ಕವಿ, ಗಾಯಕಿ, ಸಂಗೀತ ನಿರ್ದೇಶಕರ ಜೊತೆಗೆ ಸಿತಾರ್ ಯಾರದು, ಕೊಳಲು ಯಾರದು ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಬಹುದು.

ಎಲ್ಲಕ್ಕಿಂತ ಸುಲಭದ್ದು, ಒಂದು ಪೈಸೆ ಖರ್ಚಿಲ್ಲದ್ದು ಇನ್ನೊಂದಿದೆ. ಮುಂದಿನ ಜಾತ್ರೆಯ ಆರ್ಕೆಸ್ಟ್ರಾ ಪೋಸ್ಟರು ಅಚ್ಚಿಗೆ ಹೋಗುವ ಮುನ್ನ ಯಾರಾದರೂ ಅದರ ಕೆಳಗೆ ಒಂದು ಸಾಲು ಸೇರಿಸಲಿ: ತಬಲಾ ಇಂಥವರು, ಪೇಟಿ ಇಂಥವರು, ಕೊಳಲು ಇಂಥವರು. ಆ ಸಾಲಿಗೆ ಅರ್ಧ ಅಂಗುಲ ಜಾಗ ಸಾಕು.